ಹಾಗ್ವಾರ್ಟ್ಸ್‌ನ ಗ್ರೇಟ್ ಹಾಲ್ ಎಷ್ಟು ದೊಡ್ಡದು? ಎಲೆ ಎಣಿಸಿ ನೋಡೋಣ

ಹ್ಯಾರಿ ಪಾಟರ್ ಓದಿದವರಿಗೆ, ಸಿನಿಮಾ ನೋಡಿದವರಿಗೆ ಹಾಗ್ವಾರ್ಟ್ಸ್ ಕೋಟೆಯ ಗ್ರೇಟ್ ಹಾಲ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಉದ್ದಕ್ಕೆ ನಾಲ್ಕು ಮೇಜುಗಳು, ಕೊನೆಯಲ್ಲಿ ಅಡ್ಡಲಾಗಿ ಶಿಕ್ಷಕರ ಮೇಜು, ತಲೆಯ ಮೇಲೆ ತೇಲುವ ಮೇಣದ ಬತ್ತಿಗಳು, ಹೊರಗಿನ ಆಕಾಶವನ್ನೇ ತೋರಿಸುವ ಚಾವಣಿ. ಆದರೆ ಈ ಹಾಲ್ ಎಷ್ಟು ದೊಡ್ಡದು?

ಹುಡುಕಿದರೆ ಥಟ್ಟನೆ ಸಿಗುವ ಉತ್ತರ 120 ಅಡಿ ಉದ್ದ, 40 ಅಡಿ ಅಗಲ. 40×60ರ ಎರಡು ಸೈಟುಗಳನ್ನು ಉದ್ದಕ್ಕೆ ಜೋಡಿಸಿದಷ್ಟು. ಆದರೆ ಇದು ಕೋಟೆಯ ಅಳತೆಯಲ್ಲ. 2001ರಲ್ಲಿ ಬಂದ ಮೊದಲ ಸಿನಿಮಾಗಾಗಿ ಲಂಡನ್ ಹೊರವಲಯದ ಲೀವ್ಸ್‌ಡೆನ್ ಸ್ಟುಡಿಯೋದಲ್ಲಿ ಕಟ್ಟಿದ ಸೆಟ್‌ನ ಅಳತೆ. ಸೆಟ್‌ಗೆ ಚಾವಣಿಯ ಅಗತ್ಯ ಇರಲಿಲ್ಲ, ಅದನ್ನು ಕಂಪ್ಯೂಟರಿನಲ್ಲಿ ಸೇರಿಸಿದರು. (ಮೇಣದ ಬತ್ತಿಗಳನ್ನು ಮೊದಲು ನಿಜವಾಗಿಯೇ ತಂತಿಯಲ್ಲಿ ತೂಗುಹಾಕಿದ್ದರಂತೆ. ಉರಿಗೆ ತಂತಿ ಸುಟ್ಟು ಬತ್ತಿಗಳು ಕೆಳಗೆ ಬೀಳತೊಡಗಿದ ಮೇಲೆ ಅವೂ ಕಂಪ್ಯೂಟರಿಗೇ ಹೋದವು.) ಕಾದಂಬರಿಗಳು ಹಾಲನ್ನು ಅಡಿ ಲೆಕ್ಕದಲ್ಲಿ ಅಳೆದು ಹೇಳುವುದಿಲ್ಲ. ಹಾಗಾಗಿ ನಾವೇ ಅಂದಾಜು ಮಾಡಬೇಕು.

ಇಲ್ಲದ ಹಾಲನ್ನು ಅಳೆದು ಏನು ಪ್ರಯೋಜನ ಎಂದು ಕೇಳಬಹುದು. ಅದಕ್ಕೆ ಕೊನೆಯಲ್ಲಿ ಬರುತ್ತೇವೆ.

ನಮ್ಮ ಮದುವೆ ಮನೆಗಳಲ್ಲಿ ಊಟದ ಲೆಕ್ಕ ಹೇಗೆ ಮಾಡುತ್ತಾರೆ? ಒಂದು ಪಂಕ್ತಿಗೆ ಎಷ್ಟು ಎಲೆ, ಎಷ್ಟು ಪಂಕ್ತಿ. ಇಲ್ಲೂ ಅದೇ ದಾರಿ. ಮೊಣಕೈ ತಾಗದಂತೆ ಕೂತು ಉಣ್ಣಲು ಒಬ್ಬರಿಗೆ ಸುಮಾರು 2 ಅಡಿ ಬೇಕು. ಮೇಜಿನ ಎರಡೂ ಬದಿಯಲ್ಲಿ ಜನ ಕೂರುತ್ತಾರೆ. ಹಾಗಾದರೆ ಉಳಿದ ಪ್ರಶ್ನೆ ಒಂದೇ: ಒಟ್ಟು ಎಷ್ಟು ಮಕ್ಕಳು?

ಇಲ್ಲಿಂದಲೇ ತಲೆನೋವು ಶುರು. ಹ್ಯಾರಿಯ ಮಲಗುವ ಕೋಣೆಯಲ್ಲಿ ಐದು ಹುಡುಗರು. ಹುಡುಗಿಯರೂ ಐದು ಎಂದುಕೊಂಡರೆ ಒಂದು ಹೌಸ್‌ಗೆ ವರ್ಷಕ್ಕೆ ಹತ್ತು ಮಕ್ಕಳು. ಮೊದಲ ಹಾರಾಟದ ತರಗತಿಯಲ್ಲಿ ಎರಡು ಹೌಸ್‌ಗಳಿಗೆ ಸೇರಿ ಇಪ್ಪತ್ತು ಪೊರಕೆಗಳನ್ನು ಇಟ್ಟಿರುತ್ತಾರೆ, ಅಲ್ಲಿಗೂ ಇದು ತಾಳೆಯಾಗುತ್ತದೆ. ನಾಲ್ಕು ಹೌಸ್, ಏಳು ವರ್ಷ, ಅಂದರೆ 280 ಮಕ್ಕಳು. ಆದರೆ ಲೇಖಕಿ ಜೆ.ಕೆ. ರೌಲಿಂಗ್ ಸಂದರ್ಶನದಲ್ಲಿ ಹೇಳಿದ್ದು ಸುಮಾರು ಒಂದು ಸಾವಿರ. ಮೂರನೆಯ ಪುಸ್ತಕದ ಕ್ವಿಡಿಚ್ ಪಂದ್ಯದಲ್ಲಿ ಸ್ಲಿದರಿನ್ ಕಡೆ ಹಸಿರು ತೊಟ್ಟವರೇ ಇನ್ನೂರು. ನಾಲ್ಕರಿಂದ ಗುಣಿಸಿದರೆ 800. ಒಂದೇ ಶಾಲೆ, ಮೂರು ಲೆಕ್ಕ.

ಮೊದಲು 280 ತೆಗೆದುಕೊಳ್ಳೋಣ. ಒಂದು ಮೇಜಿಗೆ 70 ಮಕ್ಕಳು, ಒಂದು ಬದಿಗೆ 35. ಮೇಜಿನ ಉದ್ದ 70 ಅಡಿ. ಶಿಕ್ಷಕರ ವೇದಿಕೆಗೆ, ಬಾಗಿಲ ಬಳಿ ಓಡಾಟಕ್ಕೆ ಒಟ್ಟು 40 ಅಡಿ ಸೇರಿಸಿದರೆ ಹಾಲ್ 110 ಅಡಿ. ಸೆಟ್‌ನ 120 ಅಡಿಗೆ ಎಷ್ಟು ಹತ್ತಿರ ನೋಡಿ! ಈಗ 1,000 ಮಕ್ಕಳು ಅನ್ನಿ. ಒಂದು ಬದಿಗೆ 125 ಜನ, ಮೇಜು 250 ಅಡಿ, ಹಾಲ್ 290 ಅಡಿ. ಒಬ್ಬರಿಗೆ ಒಂದೂವರೆ ಅಡಿಯಂತೆ ಒತ್ತಿ ಕೂರಿಸಿದರೂ 225 ಅಡಿಗಿಂತ ಕಡಿಮೆ ಆಗುವುದಿಲ್ಲ.

ಅಗಲದ ಲೆಕ್ಕ ಸುಲಭ. ಮೇಜು 3 ಅಡಿ, ಎರಡೂ ಬದಿಯ ಬೆಂಚಿಗೆ ಎರಡೂವರೆಯಂತೆ 5 ಅಡಿ, ಒಂದು ಸಾಲಿಗೆ 8 ಅಡಿ. ನಾಲ್ಕು ಸಾಲಿಗೆ 32. ನಡುವೆ ಮತ್ತು ಗೋಡೆ ಬದಿಯಲ್ಲಿ ಐದು ಓಣಿಗಳು, ಒಂದೊಂದು 4 ಅಡಿ. ಒಟ್ಟು 52 ಅಡಿ. ಸೆಟ್‌ನ 40 ಅಡಿಯಲ್ಲಿ ನಾಲ್ಕು ಮೇಜು ಹಿಡಿಸಬೇಕಾದರೆ ಓಣಿ 2 ಅಡಿಯೂ ಉಳಿಯುವುದಿಲ್ಲ. ಸೆಟ್‌ಗೆ ಮಾದರಿಯಾದದ್ದು ಆಕ್ಸ್‌ಫರ್ಡ್‌ನ ಕ್ರೈಸ್ಟ್ ಚರ್ಚ್ ಕಾಲೇಜಿನ ಊಟದ ಹಾಲ್. ಅದರ ಅಗಲವೂ ಸುಮಾರು 40 ಅಡಿ. ಆದರೆ ಅಲ್ಲಿ ಇರುವುದು ಮೂರೇ ಸಾಲು ಮೇಜುಗಳು. ಮೂರು ಸಾಲಿಗೆ 24 ಅಡಿ, ನಾಲ್ಕು ಓಣಿಗೆ 16 ಅಡಿ, ಕೂಡಿಸಿದರೆ ಸರಿಯಾಗಿ 40. ನಮ್ಮ ಅಂದಾಜು ತೀರಾ ಗಾಳಿಯಲ್ಲಿಲ್ಲ ಎಂಬ ಧೈರ್ಯ ಬಂದದ್ದು ಇಲ್ಲಿ.

ಹಾಗಾದರೆ 290 ಅಡಿಯ ಹಾಲ್ ಕಟ್ಟಲು ಸಾಧ್ಯವೇ? ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಹಾಲ್ ನೋಡಿ. ದೊರೆ ಎರಡನೆಯ ವಿಲಿಯಂ 1097ರಲ್ಲಿ ಅದನ್ನು ಕಟ್ಟಿಸಲು ಶುರುಮಾಡಿದ. ಉದ್ದ 240 ಅಡಿ, ಅಗಲ ಸುಮಾರು 68 ಅಡಿ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಇದು ಎಣೆಯಿಲ್ಲದ ಗಾತ್ರ. ಇಂಥ ಹಾಲ್‌ಗಳು ಯಾವಾಗಲೂ ಉದ್ದುದ್ದ ಇರಲು ಕಾರಣ ಚಾವಣಿಯ ಮರ. ಉದ್ದ ಹೆಚ್ಚಿಸಬೇಕೆಂದರೆ ಅದೇ ತೊಲೆ, ಅದೇ ಗೋಡೆಯನ್ನು ಮುಂದುವರಿಸಿದರೆ ಆಯಿತು. ಅಗಲ ಹೆಚ್ಚಿಸಲು ಅಷ್ಟು ಉದ್ದದ ಮರವೇ ಸಿಗುವುದಿಲ್ಲ, ನಡುವೆ ಕಂಬ ನಿಲ್ಲಿಸಬೇಕಾಗುತ್ತದೆ. 1393ರಲ್ಲಿ ಎರಡನೆಯ ರಿಚರ್ಡ್ ಚಾವಣಿಯನ್ನು ಹೊಸದಾಗಿ ಮಾಡಿಸಲು ಹೇಳಿದಾಗ ಹ್ಯೂ ಹರ್ಲೆಂಡ್ ಎಂಬ ಬಡಗಿ ಗೋಡೆಯಿಂದ ಮರದ ತೋಳುಗಳನ್ನು ಚಾಚಿಸಿ, ಅವುಗಳ ಮೇಲೆ ಕಮಾನು ಏರಿಸಿ, ಒಂದೂ ಕಂಬವಿಲ್ಲದೆ ಅಷ್ಟೂ ಅಗಲ ದಾಟಿಸಿದ. ಆ ಚಾವಣಿ ಇಂದಿಗೂ ನಿಂತಿದೆ. ಅಂದರೆ ನಮ್ಮ 52 ಅಡಿ ಅಗಲಕ್ಕೆ ಮಾಟ ಮಂತ್ರ ಬೇಕಿಲ್ಲ, ಒಳ್ಳೆಯ ಬಡಗಿ ಸಾಕು.

ಇನ್ನು ನಾಲ್ಕನೆಯ ಪುಸ್ತಕದ ಯೂಲ್ ಬಾಲ್ ರಾತ್ರಿ. ಉದ್ದದ ಮೇಜುಗಳು ಮಾಯವಾಗಿ, ಸುಮಾರು ಹನ್ನೆರಡು ಜನ ಕೂರುವ ಚಿಕ್ಕ ಮೇಜುಗಳು ನೂರರಷ್ಟು ಬರುತ್ತವೆ. ಅಂದರೆ 1,200 ಜನ! ಕುರ್ಚಿ, ಓಡಾಟ ಎಲ್ಲ ಸೇರಿ ಇಂಥ ಒಂದು ಮೇಜಿಗೆ 120 ಚದರ ಅಡಿಯಾದರೂ ಬೇಕು. ನೂರಕ್ಕೆ 12,000. ಕುಣಿಯಲು, ವಾದ್ಯದವರಿಗೆ 3,000 ಸೇರಿಸಿದರೆ 15,000 ಚದರ ಅಡಿ. ಸೆಟ್ ಇರುವುದು 4,800. ವೆಸ್ಟ್‌ಮಿನ್‌ಸ್ಟರ್ ಹಾಲ್ ಸುಮಾರು 16,300, ಅಲ್ಲಿ ಹಿಡಿಸುತ್ತದೆ. ಆದರೆ ಆ ರಾತ್ರಿ ನಾಲ್ಕನೆಯ ವರ್ಷಕ್ಕಿಂತ ಕೆಳಗಿನವರಿಗೆ ಯಾರಾದರೂ ಕರೆದರೆ ಮಾತ್ರ ಪ್ರವೇಶ. ಹಾಗಾದರೆ ಇಡೀ ಶಾಲೆಯಲ್ಲಿ ಸಾವಿರಕ್ಕೂ ಎಷ್ಟೋ ಹೆಚ್ಚು ಮಕ್ಕಳಿರಬೇಕು. 280ರ ಲೆಕ್ಕ ಇಲ್ಲಿ ನೆಲಕಚ್ಚುತ್ತದೆ.

ಹಾಗಾಗಿ ನಮ್ಮ ಉತ್ತರ: 110ರಿಂದ 290 ಅಡಿ ಉದ್ದ, 50 ಅಡಿ ಆಸುಪಾಸು ಅಗಲ. ಇಷ್ಟು ದೊಡ್ಡ ಅಂತರ ನೋಡಿ ಕೆಲವರಿಗೆ ಕೋಪ ಬರಬಹುದು. ಆದರೆ ಅಂತರ ಎಲ್ಲಿಂದ ಬಂತು ಎಂದು ಗಮನಿಸಿ. ಮೊಣಕೈಗೆ ಒಂದೂವರೆ ಅಡಿಯೋ ಎರಡೋ ಎಂಬುದು ಮೇಜಿನ ಉದ್ದವನ್ನು ಕಾಲು ಭಾಗ ಬದಲಿಸುತ್ತದೆ. 280 ಮಕ್ಕಳೋ 1,000 ಮಕ್ಕಳೋ ಎಂಬುದು ಮೂರೂವರೆ ಪಟ್ಟು ಬದಲಿಸುತ್ತದೆ. ತಲೆ ಎಣಿಕೆ ತೀರ್ಮಾನವಾಗದೆ ಬೆಂಚಿನ ಅಳತೆಗೆ ಜಗಳವಾಡಿ ಫಲವಿಲ್ಲ. ಯಾರಾದರೂ 'ಹಾಲ್ 187 ಅಡಿ 6 ಅಂಗುಲ' ಎಂದರೆ ಆ ಆರು ಅಂಗುಲ ಎಲ್ಲಿಂದ ಬಂತು ಎಂದು ಕೇಳಿ.

ಇಂಥ ಅಂದಾಜಿಗೆ ಭೌತವಿಜ್ಞಾನಿ ಎನ್ರಿಕೊ ಫರ್ಮಿಯ ಹೆಸರಿದೆ. 1945ರ ಜುಲೈ 16ರಂದು ಮೊದಲ ಅಣುಬಾಂಬ್ ಪರೀಕ್ಷೆಯ ವೇಳೆ ಆತ ಕಾಗದದ ಚೂರುಗಳನ್ನು ಕೈಬಿಟ್ಟು, ಸ್ಫೋಟದ ಗಾಳಿಗೆ ಅವು ಎಷ್ಟು ದೂರ ಹೋದವೆಂದು ನೋಡಿ, ಬಾಂಬಿನ ಬಲ 10,000 ಟನ್ ಟಿಎನ್‌ಟಿಯಷ್ಟು ಎಂದ. ನಿಜವಾದ ಬಲ ಅದರ ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚು. ಕಾಗದದ ಚೂರಿಗೆ ಇದು ಕಡಿಮೆ ಸಾಧನೆಯಲ್ಲ.

ಈಗ ಪ್ರಯೋಜನದ ಮಾತು. ಎಂಎ ಓದುವಾಗ ಅಭ್ಯಾಸಕ್ಕೆಂದು ಒಂದು ಸಮಾರಂಭದ ವರದಿ ಬರೆದಿದ್ದೆವು. ಆಯೋಜಕರು ಹೇಳಿದಂತೆ 'ಐದು ಸಾವಿರ ಜನ ಸೇರಿದ್ದರು' ಎಂದು ಬರೆದೆವು. ಮೇಷ್ಟ್ರು ಬೈಯಲಿಲ್ಲ, ಹೋಗಿ ಹೆಜ್ಜೆಯಲ್ಲಿ ಅಳೆದುಕೊಂಡು ಬನ್ನಿ ಎಂದರು. ಹಾಲ್ ಸುಮಾರು 100×60 ಅಡಿ ಇತ್ತು, ಅಂದರೆ 6,000 ಚದರ ಅಡಿ. ಆಮೇಲೆ ಹರ್ಬರ್ಟ್ ಜೇಕಬ್ಸ್ ಬಗ್ಗೆ ಹೇಳಿದರು. 1960ರ ದಶಕದಲ್ಲಿ ಬರ್ಕ್ಲಿಯಲ್ಲಿ ಪತ್ರಿಕೋದ್ಯಮ ಕಲಿಸುತ್ತಿದ್ದ ಈತ, ವಿದ್ಯಾರ್ಥಿಗಳ ಪ್ರತಿಭಟನೆ ನಡೆಯುತ್ತಿದ್ದ ಅಂಗಳದ ನೆಲದಲ್ಲಿದ್ದ ಚೌಕಗಳನ್ನು ಬಳಸಿ ಜನರನ್ನು ಎಣಿಸಿದ್ದ. ಸಡಿಲವಾಗಿ ನಿಂತ ಗುಂಪಿನಲ್ಲಿ ಒಬ್ಬರಿಗೆ 10 ಚದರ ಅಡಿ, ಒತ್ತಾಗಿ ನಿಂತರೆ ನಾಲ್ಕೂವರೆ.

ಭಾಗಿಸಿ ನೋಡಿದೆವು. ಒಂದೂ ಕುರ್ಚಿಯಿಲ್ಲದೆ, ವೇದಿಕೆಯೂ ಇಲ್ಲದೆ, ಗೋಡೆಯಿಂದ ಗೋಡೆಗೆ ಒತ್ತಾಗಿ ನಿಂತರೂ ಅಲ್ಲಿ ಹಿಡಿಸುವುದು 1,300 ಚಿಲ್ಲರೆ ಜನ. ನಾವು ಹೋದ ದಿನ ಎಲ್ಲರೂ ಕುರ್ಚಿಯಲ್ಲಿ ಕೂತಿದ್ದರು, ಹಿಂದಿನ ಸಾಲುಗಳು ಖಾಲಿಯಿದ್ದವು. 'ಐದು ಸಾವಿರ' ಹೊಡೆದು ಹಾಕಿ 'ಸುಮಾರು ಐನೂರು' ಎಂದು ಬರೆದುಕೊಟ್ಟೆವು. ಮೇಷ್ಟ್ರು 'ಸುಮಾರು' ಎಂಬ ಪದದ ಕೆಳಗೆ ಗೆರೆ ಎಳೆದು, ನಾನೂರರಿಂದ ಆರುನೂರು ಎಂದು ಬರೆಯಲು ಏನು ಅಡ್ಡಿ ಎಂದು ಕೇಳಿದರು.