ಗಾರ್ಕಿ ಪಾರ್ಕನ್ನು ಅಳಿಸಿದ ಮೇಲೆ

ಸ್ಕಾರ್ಪಿಯನ್ಸ್ ತಂಡದ ಕ್ಲೌಸ್ ಮೈನೆ ತಾವೇ ಬರೆದ 'ವಿಂಡ್ ಆಫ್ ಚೇಂಜ್' ಹಾಡಿನ ಸಾಲುಗಳನ್ನು 2022ರಲ್ಲಿ ತಿದ್ದಿದರು. ರಷ್ಯಾ ಉಕ್ರೇನಿನ ಮೇಲೆ ದಂಡೆತ್ತಿ ಹೋದ ಮೇಲೆ, ಮಾಸ್ಕ್ವಾ ನದಿಯನ್ನೂ ಗಾರ್ಕಿ ಪಾರ್ಕನ್ನೂ ಅಕ್ಕರೆಯಿಂದ ಹಾಡಲು ಅವರಿಗೆ ಮನಸ್ಸೊಪ್ಪಲಿಲ್ಲ. ಆರಂಭದಲ್ಲಿ ಮಾಸ್ಕೋ ಹೋಗಿ ಉಕ್ರೇನ್ ಬಂತು. ಉದ್ದೇಶ ಒಳ್ಳೆಯದೇ. ಮಾಡಿದ ಕೆಲಸ ಮಾತ್ರ ತಪ್ಪು.

ಈ ಹಾಡಿನ ಬೇರಿರುವುದು 1989ರ ಆಗಸ್ಟಿನ ಮಾಸ್ಕೋದಲ್ಲಿ. ಲೆನಿನ್ ಸ್ಟೇಡಿಯಂನ ರಾಕ್ ಉತ್ಸವದಲ್ಲಿ ಕಾವಲಿಗಿದ್ದ ಸೈನಿಕರೇ ವೇದಿಕೆಯತ್ತ ತಿರುಗಿ ಕುಣಿದದ್ದನ್ನು ಮೈನೆ ಹಲವು ಸಲ ನೆನೆದಿದ್ದಾರೆ. ಜರ್ಮನ್ ಸೇನೆ ಆ ನೆಲದಲ್ಲಿ ಮಾಡಿದ್ದು ಗೊತ್ತಿದ್ದ, 1948ರಲ್ಲಿ ಹುಟ್ಟಿದ ಜರ್ಮನ್ ಒಬ್ಬನಿಗೆ ಅದು ಸಣ್ಣ ನೋಟವಲ್ಲ. ಬರ್ಲಿನ್ ಗೋಡೆ ಬಿದ್ದದ್ದು ಆಮೇಲೆ, ನವೆಂಬರ್ 9ರಂದು. ಹಾಡಿನಲ್ಲಿ ಗೋಡೆಯ ಪ್ರಸ್ತಾಪವೇ ಇಲ್ಲ. ಟಿವಿಯ ಹಳೆಯ ದೃಶ್ಯಗಳ ಹಿಂದೆ ಕೇಳಿ ಕೇಳಿ ಜನ ಅದನ್ನು ಗೋಡೆಯ ಹಾಡಾಗಿಸಿಕೊಂಡರು. (ಬರೆದದ್ದು ಸಿಐಎ ಎಂಬ ಗಾಳಿಮಾತೂ ಉಂಟು. 2020ರಲ್ಲಿ ಅದರ ಮೇಲೊಂದು ಪಾಡ್‌ಕಾಸ್ಟೇ ಬಂತು. ಅದರ ಗೊಡವೆ ಬೇಡ.)

ನಿಜ ಹೇಳಬೇಕೆಂದರೆ, ಹಾಡಿನ ಉಳಿದ ಮಾತುಗಳು ಸಾಧಾರಣ. ಗಾಳಿ, ಇರುಳು, ನಾಳೆಯ ಮಕ್ಕಳು ಯಾವ ಶುಭಾಶಯ ಪತ್ರದಲ್ಲೂ ಸಿಗುತ್ತಾರೆ. ಅದಕ್ಕೊಂದು ವಿಳಾಸ ಕೊಟ್ಟದ್ದು ಆ ನದಿ, ಆ ಪಾರ್ಕು. ಅನುವಾದ ಮಾಡುವವರಿಗೆ ಇದು ಗೊತ್ತು: ಊರಿನ ಹೆಸರು ತೆಗೆದರೆ ಸಾಲು ಉಳಿಯುತ್ತದೆ, ಯಾರು ಯಾರಿಗೆ ಹೇಳಿದರು ಎಂಬುದು ಹೋಗುತ್ತದೆ. ಕಾಲವೂ ಬದಲಾಗಿದೆ. ಹಳೆಯ ಹಾಡಿನ ಗಾಳಿ ಆಗಲೇ ಬೀಸುತ್ತಿತ್ತು; ಹೊಸದರಲ್ಲಿ ಅದು ಬೀಸಲೆಂದು ಕಾಯಬೇಕು. ಶೀರ್ಷಿಕೆ ಮಾತ್ರ ಅದೇ.

ಕೊಂದವರ ರಾಜಧಾನಿಯನ್ನು ಹಾಡುವುದು ಹೇಗೆ ಎಂದು ಕೇಳುವವರು 1991ರ ಜನವರಿಯನ್ನು ನೋಡಲಿ. ಹಾಡು ಸಿಂಗಲ್ ಆಗಿ ಹೊರಬಂದ ತಿಂಗಳದು. ಅದೇ ತಿಂಗಳ 13ರಂದು ಲಿಥುವೇನಿಯಾದ ವಿಲ್ನಿಯಸ್‌ನಲ್ಲಿ ಟಿವಿ ಗೋಪುರ ಕಾಯುತ್ತಿದ್ದ ನಿರಾಯುಧ ಜನರನ್ನು ಸೋವಿಯತ್ ಸೇನೆ ಕೊಂದಿತು. ಆಗ ಒಂದಕ್ಷರವೂ ಬದಲಾಗಲಿಲ್ಲ. ಮೈನೆ ಇದೇ ಹಾಡನ್ನು ರಷ್ಯನ್ ಭಾಷೆಯಲ್ಲೂ ಹಾಡಿದರು. ಕ್ರೆಮ್ಲಿನ್‌ನಲ್ಲಿ ಕೂತವರು ಬೇರೆ, ಕ್ರೀಡಾಂಗಣದಲ್ಲಿ ಕುಣಿದವರು ಬೇರೆ ಎಂಬ ನಂಬಿಕೆಯ ಮೇಲೆಯೇ ಹಾಡು ನಿಂತಿತ್ತು.

ಬಾಂಬಿಗೆ ಮನೆ ಕಳೆದುಕೊಂಡ ಉಕ್ರೇನಿನವರಿಗೆ ಗಾರ್ಕಿ ಪಾರ್ಕಿನ ಹೆಸರು ಇರಿಯುತ್ತದೆ. ಈ ಆಕ್ಷೇಪಕ್ಕೆ ತೂಕವಿದೆ. ಹಾಗಿದ್ದರೆ ಹಾಡನ್ನು ಕೆಲಕಾಲ ಬಿಡಬಹುದಿತ್ತು. ಉಕ್ರೇನಿಗೆಂದೇ ಹೊಸದೊಂದು ಬರೆಯಬಹುದಿತ್ತು. ಆ ದೇಶ ಬೇರೆಯವರ ಹಾಡಿನ ತೇಪೆಗಿಂತ ಹೆಚ್ಚಿನದಕ್ಕೆ ಅರ್ಹ. 1989ರಲ್ಲಿ ಇಪ್ಪತ್ತರ ಹರೆಯದಲ್ಲಿ ಆ ಕ್ರೀಡಾಂಗಣದಲ್ಲಿದ್ದವರಿಗೆ 2022ರಲ್ಲಿ ಐವತ್ತು ದಾಟಿತ್ತು. ಆ ವರ್ಷ ರಷ್ಯಾದಲ್ಲಿ ಯುದ್ಧ ಬೇಡವೆಂದು ಬೀದಿಗಿಳಿದ ಸಾವಿರಾರು ಜನರನ್ನು ಪೊಲೀಸರು ಹಿಡಿದೊಯ್ದರು. ಹಳೆಯ ಸಾಲುಗಳು ಇನ್ನೂ ಮಾತಾಡಬಹುದಾಗಿದ್ದದ್ದು ಅವರೊಂದಿಗೆ.