ಕಡಿಮೆ ಬಿಟ್ ದರದಲ್ಲಿ ಉತ್ತಮ ಚಿತ್ರ: ಮನೆಯ ಟಿ.ವಿ. ವೀಕ್ಷಕರು ತಿಳಿದಿರಬೇಕಾದ ಅಂಶಗಳು

ಆಯಕಟ್ಟಿನ ಸ್ಥಳಗಳಲ್ಲಿರುವ 50 ಪ್ರೇಷಕಗಳನ್ನು ಹೊರತುಪಡಿಸಿ ಉಳಿದ ಅನಲಾಗ್ ಭೂ ಪ್ರಸಾರವನ್ನು 2022ರ ಮಾರ್ಚ್ ಅಂತ್ಯದ ವೇಳೆಗೆ ಹಂತ ಹಂತವಾಗಿ ನಿಲ್ಲಿಸುವ ನಿರ್ಧಾರವನ್ನು ಪ್ರಸಾರ ಭಾರತಿಯು ಕೈಗೊಂಡಿತ್ತು. ಮನೆಯ ಮಾಳಿಗೆಯ ಆಂಟೆನಾವನ್ನೇ ಅವಲಂಬಿಸಿದ್ದ ಕುಟುಂಬಗಳಿಗೆ ಇದರಿಂದಾಗಿ ಉಪಗ್ರಹ ಡಿಶ್, ಕೇಬಲ್ ಹಾಗೂ ಬ್ರಾಡ್‌ಬ್ಯಾಂಡ್ ಎಂಬ ಮೂರು ಮಾರ್ಗಗಳು ಉಳಿದಿವೆ. ಈ ಮೂರರಲ್ಲಿಯೂ ಚಿತ್ರವು ಸಂಕುಚಿತ ಡಿಜಿಟಲ್ ರೂಪದಲ್ಲಿಯೇ ಮನೆಗೆ ತಲುಪುತ್ತದೆ. ಆದುದರಿಂದ ಚಿತ್ರದ ಗುಣಮಟ್ಟವು ಯಾವುದರಿಂದ ನಿರ್ಧಾರವಾಗುತ್ತದೆ ಎಂಬುದನ್ನು ಹೊಸ ಸಂಪರ್ಕ ಕೋರುವ ನಾಗರಿಕರು ಅರಿತಿರುವುದು ಅಗತ್ಯವಾಗಿದೆ.

ಬಿಟ್ ದರ ಮತ್ತು ಅದರ ಮಿತಿ

ಸಾಧಾರಣ ಟಿ.ವಿ. ಚಿತ್ರವು 720 × 576 ಬಿಂದುಗಳಿಂದ ಕೂಡಿದ್ದು, ಸೆಕೆಂಡಿಗೆ 25 ಚಿತ್ರಗಳಂತೆ ಸಾಗುತ್ತದೆ. ಇದನ್ನು ಸಂಕುಚಿಸದೆ ಕಳುಹಿಸಬೇಕಾದರೆ ಸೆಕೆಂಡಿಗೆ ಸುಮಾರು 124 ಮೆಗಾಬಿಟ್‌ಗಳು ಬೇಕಾಗುತ್ತವೆ. ಉಪಗ್ರಹದ ಒಂದು ಟ್ರಾನ್ಸ್‌ಪಾಂಡರ್ ಸುಮಾರು 40 ಮೆಗಾಬಿಟ್‌ಗಳನ್ನು ಸಾಗಿಸುತ್ತದೆ ಎಂದಿಟ್ಟುಕೊಂಡು, ಅದರಲ್ಲಿ 16 ವಾಹಿನಿಗಳನ್ನು ತುಂಬಿದರೆ ಪ್ರತಿ ವಾಹಿನಿಗೆ ದೊರೆಯುವುದು ಕೇವಲ 2.5 ಮೆಗಾಬಿಟ್. ಅಂದರೆ ಮೂಲ ಚಿತ್ರದ ಸುಮಾರು ಐವತ್ತನೇ ಒಂದು ಪಾಲಿನಲ್ಲಿ ಇಡೀ ದೃಶ್ಯವನ್ನು ಕಟ್ಟಿಕೊಡಬೇಕಾಗುತ್ತದೆ. ವಾಹಿನಿಗಳ ಸಂಖ್ಯೆಯನ್ನು 20ಕ್ಕೆ ಏರಿಸಿದಲ್ಲಿ ಪ್ರತಿಯೊಂದರ ಪಾಲು 2 ಮೆಗಾಬಿಟ್‌ಗೆ ಇಳಿಯುತ್ತದೆ.

ವಾರ್ತಾ ವಾಚಕರು ಕುಳಿತಿರುವ ದೃಶ್ಯದಲ್ಲಿ ಒಂದು ಚಿತ್ರಕ್ಕೂ ಮುಂದಿನದಕ್ಕೂ ವ್ಯತ್ಯಾಸ ಅಲ್ಪ. ಬದಲಾದ ಭಾಗವನ್ನು ಮಾತ್ರ ಕಳುಹಿಸಿದರೆ ಸಾಕಾಗುವುದರಿಂದ ಕಡಿಮೆ ಬಿಟ್‌ಗಳಲ್ಲಿಯೂ ಚಿತ್ರ ಸ್ವಚ್ಛವಾಗಿರುತ್ತದೆ. ಆದರೆ ಕ್ರಿಕೆಟ್ ಮೈದಾನದ ಹುಲ್ಲು, ಜಲಪಾತ, ಜಂಬೂ ಸವಾರಿಯ ಜನಸಂದಣಿ ಮುಂತಾದ ದೃಶ್ಯಗಳಲ್ಲಿ ಪ್ರತಿ ಬಿಂದುವೂ ಬದಲಾಗುತ್ತಿರುತ್ತದೆ. ಅಲ್ಲಿ ಬಿಟ್‌ಗಳು ಸಾಲದೆ ಚಿತ್ರವು ಚೌಕ ಚೌಕವಾಗಿ ಒಡೆಯುತ್ತದೆ. ಈ ಕಾರಣದಿಂದಲೇ ಒಂದು ಟ್ರಾನ್ಸ್‌ಪಾಂಡರಿನ ಬಿಟ್‌ಗಳನ್ನು ವಾಹಿನಿಗಳಿಗೆ ಸಮನಾಗಿ ಹಂಚದೆ, ಆಯಾ ಕ್ಷಣದ ಅಗತ್ಯಕ್ಕೆ ತಕ್ಕಂತೆ ಹಂಚುವ ವಿಧಾನವೂ ಬಳಕೆಯಲ್ಲಿದೆ.

ಬಿಟ್‌ಗಳು ಮಿತವಾಗಿರುವಾಗ ಚಿತ್ರದ ಅಳತೆಯನ್ನು ಹಿಗ್ಗಿಸುವುದರಿಂದ ಗುಣಮಟ್ಟ ಹೆಚ್ಚುವುದಿಲ್ಲ ಎಂಬುದು ಇಲ್ಲಿನ ಮುಖ್ಯ ಅಂಶ. 1920 × 1080 ಬಿಂದುಗಳ ಹೈ ಡೆಫಿನಿಷನ್ ಚಿತ್ರವು ಸಾಧಾರಣ ಚಿತ್ರದ ಐದು ಪಟ್ಟು ದೊಡ್ಡದು. ಅಷ್ಟೇ ಬಿಟ್‌ಗಳನ್ನು ಐದು ಪಟ್ಟು ಬಿಂದುಗಳಿಗೆ ಹಂಚಿದಲ್ಲಿ ದೊರೆಯುವುದು ದೊಡ್ಡ ಚಿತ್ರವೇ ಹೊರತು ಸ್ಪಷ್ಟ ಚಿತ್ರವಲ್ಲ. ಮೂಲ ದೃಶ್ಯದಲ್ಲಿನ ಕಾಳುಕಾಳಾದ ದೋಷವನ್ನು ಮೊದಲೇ ಶೋಧಿಸಿ, ಮಿತವಾದ ಅಳತೆಯಲ್ಲಿ ಸಂಕುಚಿಸಿದ ಚಿತ್ರವು ಮನೆಯ ಟಿ.ವಿ. ಪರದೆಯ ಮೇಲೆ ಹೆಚ್ಚು ಹಿತವಾಗಿ ಕಾಣುತ್ತದೆ.

ಸಂಕೋಚನ ಮಾನಕಗಳು ಮತ್ತು ಹಳೆಯ ಬಾಕ್ಸ್‌ಗಳು

2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಹೆಸರಿನಲ್ಲಿ ಆರಂಭವಾದ, ಈಗ ಡಿಡಿ ಫ್ರೀ ಡಿಶ್ ಎನಿಸಿರುವ ಸೇವೆಗೆ ಮಾಸಿಕ ಶುಲ್ಕವಿರುವುದಿಲ್ಲ. ಈ ಸೇವೆಯು ಎಂಪೆಗ್-2 ಮಾನಕದಲ್ಲಿ ಆರಂಭಗೊಂಡಿತು. 2003ರಲ್ಲಿ ಅಂಗೀಕೃತವಾದ ಎಚ್.264 ಮಾನಕವು (ಎಂಪೆಗ್-4 ಎಂದೇ ಪರಿಚಿತ) ಸರಿಸುಮಾರು ಅರ್ಧದಷ್ಟು ಬಿಟ್‌ಗಳಲ್ಲಿಯೇ ಅದೇ ಗುಣಮಟ್ಟವನ್ನು ನೀಡಬಲ್ಲದು. ಆದಾಗ್ಯೂ ಎಂಪೆಗ್-2 ಬಾಕ್ಸ್ ಹೊಂದಿರುವ ಮನೆಗಳಲ್ಲಿ ಎಂಪೆಗ್-4 ವಾಹಿನಿಗಳು ಮೂಡುವುದಿಲ್ಲ. ಹಳೆಯ ಮಾನಕವನ್ನು ಒಮ್ಮೆಗೇ ಕೈಬಿಟ್ಟರೆ ಬಡ ಕುಟುಂಬಗಳ ಟಿ.ವಿ. ಬರಿದಾಗುತ್ತದೆ, ಹಾಗೆಯೇ ಮುಂದುವರಿಸಿದರೆ ಉಪಗ್ರಹದ ಅಮೂಲ್ಯ ಸಾಮರ್ಥ್ಯವು ಇಮ್ಮಡಿ ವ್ಯಯವಾಗುತ್ತದೆ. ಎರಡೂ ಮಾನಕಗಳ ವಾಹಿನಿಗಳು ಒಂದೇ ವೇದಿಕೆಯಲ್ಲಿ ಇರಲು ಈ ಇಕ್ಕಟ್ಟೇ ಕಾರಣ.

2023ರ ಜನವರಿಯಲ್ಲಿ ಕೇಂದ್ರ ಸರ್ಕಾರವು ಅನುಮೋದಿಸಿದ 2,539.61 ಕೋಟಿ ರೂ.ಗಳ ಪ್ರಸಾರ ಮೂಲಸೌಕರ್ಯ ಯೋಜನೆಯಲ್ಲಿ ದುರ್ಗಮ, ಬುಡಕಟ್ಟು, ನಕ್ಸಲ್ ಬಾಧಿತ ಹಾಗೂ ಗಡಿ ಪ್ರದೇಶಗಳ ಜನರಿಗೆ 8 ಲಕ್ಷಕ್ಕೂ ಹೆಚ್ಚು ಫ್ರೀ ಡಿಶ್ ಬಾಕ್ಸ್‌ಗಳನ್ನು ಉಚಿತವಾಗಿ ವಿತರಿಸುವ ಅಂಶವನ್ನು ಸೇರಿಸಲಾಗಿತ್ತು. ಮಾನಕದ ಬದಲಾವಣೆಯ ಹೊರೆ ವೀಕ್ಷಕರ ಮೇಲೆಯೇ ಬೀಳದಂತೆ ನೋಡಿಕೊಳ್ಳಲು ಇಂತಹ ಕ್ರಮಗಳು ಸಹಕಾರಿ.

2020ರ ಅನುಭವ

ಕೋವಿಡ್ ನಿರ್ಬಂಧಗಳ ಕಾಲದಲ್ಲಿ ಈ ವಿಷಯದ ಮಹತ್ವ ಸ್ಪಷ್ಟವಾಯಿತು. 2020ರ ಮಾರ್ಚ್‌ನಲ್ಲಿ ಅಂತರ್ಜಾಲದ ಮೇಲಿನ ಒತ್ತಡವನ್ನು ತಗ್ಗಿಸಲು ಪ್ರಮುಖ ವೀಡಿಯೊ ಸಂಸ್ಥೆಗಳು ಮೊಬೈಲ್ ಜಾಲಗಳಲ್ಲಿ ಚಿತ್ರವನ್ನು 480 ಸಾಲುಗಳಿಗೆ ಮಿತಿಗೊಳಿಸಲು ಒಪ್ಪಿದವು. ಅದೇ ವರ್ಷ ಶಾಲೆಗಳು ಮುಚ್ಚಿದ್ದಾಗ ಕರ್ನಾಟಕದ ಪ್ರೌಢಶಾಲಾ ವಿದ್ಯಾರ್ಥಿಗಳಿಗೆ ದೂರದರ್ಶನ ಚಂದನ ವಾಹಿನಿಯ ಮೂಲಕ ಪಾಠಗಳನ್ನು ಪ್ರಸಾರ ಮಾಡಲಾಯಿತು. ಮನರಂಜನೆಯಲ್ಲಿ ಮಸುಕಾದ ಚಿತ್ರವನ್ನು ಸಹಿಸಬಹುದು. ಪಾಠದಲ್ಲಿ ಅದು ಸಾಧ್ಯವಿಲ್ಲ. ಕನ್ನಡದ ಒತ್ತಕ್ಷರಗಳು, ಗಣಿತದ ಘಾತಾಂಕಗಳು ಕಡಿಮೆ ಬಿಟ್ ದರದಲ್ಲಿ ಮೊದಲು ಅಳಿಸಿಹೋಗುವ ಸೂಕ್ಷ್ಮ ವಿವರಗಳಾಗಿವೆ. ದೊಡ್ಡ ಅಕ್ಷರ, ಸಾದಾ ಹಿನ್ನೆಲೆ, ಕದಲದ ಕ್ಯಾಮರಾ ಇವು ಹೆಚ್ಚಿನ ವೆಚ್ಚವಿಲ್ಲದೆ ಅಂತಹ ಪಾಠವನ್ನು ಓದಲು ಯೋಗ್ಯವಾಗಿ ಉಳಿಸುತ್ತವೆ.

ನಾಗರಿಕರು ಗಮನಿಸಬೇಕಾದ ಅಂಶಗಳು

1. ಹೊಸ ಬಾಕ್ಸ್ ಪಡೆಯುವ ಮುನ್ನ ಅದು ಎಂಪೆಗ್-4 ಮಾನಕಕ್ಕೆ ಹೊಂದುವುದೇ ಎಂಬುದನ್ನು ಖಚಿತಪಡಿಸಿಕೊಳ್ಳತಕ್ಕದ್ದು.

2. ದೇಶದಲ್ಲಿ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಬೇಕಾದ ಕನಿಷ್ಠ ಡೌನ್‌ಲೋಡ್ ವೇಗವನ್ನು 2023ರ ಜನವರಿಯಲ್ಲಿ ಸೆಕೆಂಡಿಗೆ 2 ಮೆಗಾಬಿಟ್‌ಗೆ ಏರಿಸಲಾಯಿತು. ಈ ವೇಗದ ಆಸುಪಾಸಿನಲ್ಲಿರುವ ಸಂಪರ್ಕದಲ್ಲಿ ಸಾಧಾರಣ ಅಳತೆಯ ಚಿತ್ರವನ್ನು ಆಯ್ದುಕೊಳ್ಳುವುದು ಸೂಕ್ತ. ಸೆಕೆಂಡಿಗೆ 2 ಮೆಗಾಬಿಟ್‌ನಂತೆ ಒಂದು ಗಂಟೆಯ ವೀಕ್ಷಣೆಗೆ ಸುಮಾರು 900 ಮೆಗಾಬೈಟ್ ಡೇಟಾ ವ್ಯಯವಾಗುತ್ತದೆ.

3. ದೂರು ಸಲ್ಲಿಸುವ ಮುನ್ನ ದೋಷದ ಸ್ವರೂಪವನ್ನು ಗುರುತಿಸಿಕೊಳ್ಳತಕ್ಕದ್ದು. ಮಳೆ ಬರುವಾಗ ಚಿತ್ರ ಸ್ತಬ್ಧವಾಗುವುದು, ಧ್ವನಿ ಕಡಿಯುವುದು, ಪರದೆ ಪೂರ್ಣ ಬರಿದಾಗುವುದು ಸಂಕೇತದ ಕೊರತೆಯ ಲಕ್ಷಣಗಳು. ಡಿಶ್‌ನ ದಿಕ್ಕು ಹಾಗೂ ಕೇಬಲ್ ಜೋಡಣೆಯನ್ನು ಪರೀಕ್ಷಿಸಬೇಕು. ಆಕಾಶ ತಿಳಿಯಾಗಿದ್ದು, ಧ್ವನಿ ಸರಿಯಿದ್ದು, ವೇಗದ ದೃಶ್ಯಗಳಲ್ಲಿ ಮಾತ್ರ ಚಿತ್ರ ಕಲಸಿಹೋದಲ್ಲಿ ಅದು ಬಹುಮಟ್ಟಿಗೆ ಕಡಿಮೆ ಬಿಟ್ ದರದ ಪರಿಣಾಮ. ಡಿಶ್ ತಿರುಗಿಸುವುದರಿಂದ ಪ್ರಯೋಜನವಿಲ್ಲ.

4. ಟಿ.ವಿ.ಯ ಶಾರ್ಪ್‌ನೆಸ್ ಪ್ರಮಾಣವನ್ನು ಅತಿಯಾಗಿ ಏರಿಸಿದಲ್ಲಿ ಸಂಕೋಚನದ ಚೌಕಗಳೇ ಎದ್ದು ಕಾಣುತ್ತವೆ. ಅದನ್ನು ತಗ್ಗಿಸಿ, ಚಿತ್ರವನ್ನು ಹಿಗ್ಗಿಸದೆ ಮೂಲ ಪ್ರಮಾಣದಲ್ಲಿಯೇ ನೋಡುವುದು ಒಳಿತು.

5. ಕೇಬಲ್ ಹಾಗೂ ಡಿಟಿಎಚ್ ಗ್ರಾಹಕರು ದೂರು ನೀಡಿದಾಗ ದೂರಿನ ಸಂಖ್ಯೆಯನ್ನು ತಪ್ಪದೇ ಪಡೆದುಕೊಳ್ಳತಕ್ಕದ್ದು. ಪರಿಹಾರ ದೊರೆಯದಿದ್ದಲ್ಲಿ ಅದೇ ಸಂಖ್ಯೆಯೊಂದಿಗೆ ಸೇವಾದಾರರ ನೋಡಲ್ ಅಧಿಕಾರಿಯನ್ನು ಸಂಪರ್ಕಿಸಬಹುದು.

ಇರುವ ಬಿಟ್‌ಗಳಿಗೆ ಮಿತಿಯಿದೆ. ಅವುಗಳನ್ನು ಹೆಚ್ಚು ವಾಹಿನಿಗಳಿಗಾಗಿ ಬಳಸಬೇಕೇ ಅಥವಾ ಇರುವ ವಾಹಿನಿಗಳ ಸ್ಪಷ್ಟತೆಗಾಗಿ ಬಳಸಬೇಕೇ ಎಂಬುದು ತಾಂತ್ರಿಕ ಪ್ರಶ್ನೆ ಮಾತ್ರವಲ್ಲ, ಸಾರ್ವಜನಿಕ ಸಂಪನ್ಮೂಲದ ಹಂಚಿಕೆಯ ಪ್ರಶ್ನೆಯೂ ಆಗಿದೆ. ವಾಹಿನಿಗಳ ಪಟ್ಟಿಯ ಉದ್ದವನ್ನಷ್ಟೇ ನೋಡದೆ ಚಿತ್ರದ ಗುಣಮಟ್ಟವನ್ನೂ ವಿಚಾರಿಸುವ ಗ್ರಾಹಕರಿರುವಲ್ಲಿ ಆ ಹಂಚಿಕೆಯು ಹೆಚ್ಚು ನ್ಯಾಯಯುತವಾಗಲು ಅವಕಾಶವಿದೆ.