ಪಾಲಿಕೆಯಿಂದ ಬಂದವರು ಪಾಲಿಕೆಯನ್ನು ಕಾಯುವರೇ?

ಕಾರ್ಪೊರೇಟರ್ ಆಗಿದ್ದವರು ಮುಖ್ಯಮಂತ್ರಿಯಾದರೆ ಊರಿಗೆ ಒಳ್ಳೆಯದು ಎಂಬ ನಂಬಿಕೆ ಹಳೆಯದು. ಕಸ, ಚರಂಡಿ, ಬಸ್ಸಿನ ಗೋಳನ್ನು ಹತ್ತಿರದಿಂದ ಕಂಡವರಲ್ಲವೇ? ಕೆನಡಾದ ಡಗ್ ಫೋರ್ಡ್ ಏರಿದ ಬಗೆಯನ್ನು ನೋಡಿದರೆ ಈ ನಂಬಿಕೆ ಅಲುಗಾಡುತ್ತದೆ.

ಫೋರ್ಡ್ 2010ರಿಂದ 2014ರವರೆಗೆ ಟೊರೊಂಟೊ ಪಾಲಿಕೆಯ ಸದಸ್ಯರು. ಆಗ ಮೇಯರ್ ಆಗಿದ್ದವರು ಅವರ ತಮ್ಮ ರಾಬ್. ಮಾದಕ ವಸ್ತು ಹಗರಣದಲ್ಲಿ ಸಿಲುಕಿದ ರಾಬ್ ಅವರ ಬಹುಪಾಲು ಅಧಿಕಾರವನ್ನು 2013ರಲ್ಲಿ ಪಾಲಿಕೆಯೇ ಮತ ಹಾಕಿ ಕಿತ್ತುಕೊಂಡಿತು. ಮರುವರ್ಷ ತಮ್ಮ ಕಾಯಿಲೆ ಬಿದ್ದಾಗ ಅಣ್ಣ ಮೇಯರ್ ಸ್ಥಾನಕ್ಕೆ ನಿಂತು ಜಾನ್ ಟೋರಿಗೆ ಸೋತರು. 2018ರ ಜೂನ್‌ನಲ್ಲಿ ಒಂಟಾರಿಯೊ ಪ್ರಾಂತ್ಯದ ಪ್ರೀಮಿಯರ್, ಅಂದರೆ ಮುಖ್ಯಮಂತ್ರಿ, ಆದರು. ಜುಲೈ 27 ಪಾಲಿಕೆ ಚುನಾವಣೆಗೆ ನಾಮಪತ್ರ ಸಲ್ಲಿಸುವ ಕೊನೆಯ ದಿನ. 47 ವಾರ್ಡುಗಳನ್ನು 25ಕ್ಕೆ ಇಳಿಸುವುದಾಗಿ ಅವರು ಸಾರಿದ್ದು ಅದೇ ದಿನ. ಅಭ್ಯರ್ಥಿಗಳು ಅಷ್ಟರಲ್ಲಾಗಲೇ ಮನೆಮನೆ ಸುತ್ತುತ್ತಿದ್ದರು.

ಸೇಡು ಎಂದವರುಂಟು. ಫೋರ್ಡ್ ಮನಸ್ಸಿನಲ್ಲಿ ಏನಿತ್ತೋ, ನನಗದು ಮುಖ್ಯವಲ್ಲ. ಅವರು ಕೊಟ್ಟ ಕಾರಣವೇ ಕುತೂಹಲದ್ದು: ಸದಸ್ಯರು ಹೆಚ್ಚಾದರೆ ಮಾತು ಹೆಚ್ಚು, ಕೆಲಸ ಕಡಿಮೆ, ಖರ್ಚೂ ಹೆಚ್ಚು. ಇದರಲ್ಲಿ ಹುರುಳಿಲ್ಲವೆನ್ನಲಾಗದು; ನಗರದ ಸ್ಕಾರ್ಬರೋ ಭಾಗಕ್ಕೆ ಸುರಂಗ ರೈಲೋ ಲಘು ರೈಲೋ ಎಂಬ ವಾದವನ್ನು ಪಾಲಿಕೆ ವರ್ಷಗಟ್ಟಲೆ ಎಳೆದಿತ್ತು. ಆದರೆ ಆಗ ಸುಮಾರು 27 ಲಕ್ಷ ಜನರಿದ್ದ ನಗರದಲ್ಲಿ ಒಬ್ಬ ಸದಸ್ಯರ ಪಾಲಿಗೆ ಲಕ್ಷಕ್ಕೂ ಹೆಚ್ಚು ಜನ ಬಂದರು. ಪಾಲಿಕೆಯ ಒಳಗನ್ನು ಕಂಡ ಅನುಭವ ಫೋರ್ಡ್ ಅವರಲ್ಲಿ ಅಕ್ಕರೆಗಿಂತ ಅಸಹನೆಯನ್ನೇ ಬೆಳೆಸಿರಬಹುದು. ಅನುಭವಕ್ಕೆ ಆ ಗುಣವೂ ಇದೆ.

ಸೆಪ್ಟೆಂಬರ್‌ನಲ್ಲಿ ನ್ಯಾಯಾಲಯವೊಂದು ವಾರ್ಡುಗಳನ್ನು ಇಳಿಸಿದ ಕಾಯ್ದೆಯನ್ನು ರದ್ದುಮಾಡಿತು. ಹಕ್ಕುಗಳ ಸನ್ನದನ್ನೇ ಬದಿಗೊತ್ತಲು ಸಂವಿಧಾನ ಕೊಟ್ಟಿರುವ ವಿಶೇಷ ಕಲಮನ್ನು ಬಳಸಲು ಫೋರ್ಡ್ ಹೊರಟರು. ಮೇಲಿನ ನ್ಯಾಯಾಲಯ ಆ ತೀರ್ಪಿಗೆ ತಡೆಯಾಜ್ಞೆ ಕೊಟ್ಟದ್ದರಿಂದ ಆ ಪ್ರಮೇಯ ಬರಲಿಲ್ಲ. ಅಕ್ಟೋಬರ್ 22ರಂದು ಮತದಾನ 25 ವಾರ್ಡುಗಳಿಗೇ ನಡೆಯಿತು. 2021ರಲ್ಲಿ ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ ಪ್ರಾಂತ್ಯದ ಪರ ನಿಂತಿತು. 1867ರ ಸಂವಿಧಾನದ ಪ್ರಕಾರ ನಗರಾಡಳಿತ ಪ್ರಾಂತ್ಯದ ಸೊತ್ತು; ಕಟ್ಟುವುದೂ ಕೆಡಹುವುದೂ ಅದರ ಇಚ್ಛೆ. ನನ್ನ ತಕರಾರು ಫೋರ್ಡ್ ಅವರಿಗಿಂತ ಈ ಏರ್ಪಾಡಿನ ಮೇಲೆಯೇ ಹೆಚ್ಚು. ಇದು ಹೀಗಿರುವ ತನಕ, ಮೇಲೇರಿದವರು ಎಲ್ಲಿಂದ ಬಂದವರು ಎಂಬುದರಿಂದ ನಗರಕ್ಕೆ ಯಾವ ರಕ್ಷಣೆಯೂ ಸಿಗದು.

2022ರಲ್ಲಿ ಫೋರ್ಡ್ ಸರ್ಕಾರ ಇನ್ನೂ ಮುಂದೆ ಹೋಯಿತು. ಪ್ರಾಂತ್ಯದ ಆದ್ಯತೆಯ ವಿಷಯಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಸದಸ್ಯರ ಬೆಂಬಲವಿದ್ದರೆ ಸಾಕು, ಟೊರೊಂಟೊ ಮೇಯರ್ ಉಪವಿಧಿ ಅಂಗೀಕರಿಸಬಹುದು ಎಂಬ ಕಾಯ್ದೆ ತಂದಿತು. 2023ರಲ್ಲಿ ಮೇಯರ್ ಚುನಾವಣೆ ಗೆದ್ದ ಒಲಿವಿಯಾ ಚೌ ಈ ಅಧಿಕಾರ ತಮಗೆ ಬೇಡವೆಂದು ಪ್ರಚಾರದಲ್ಲೇ ಮಾತು ಕೊಟ್ಟಿದ್ದರು. ಮಾತು ಅವರದು, ಕಾಯ್ದೆ ಮುಂದಿನ ಮೇಯರಿಗೂ ಇದೆ.